ಗುಡ್ಡದ ಗಾಳಿಗೆ ಹತ್ತು ಓಟದ ಪರೀಕ್ಷೆ

ಗುಡ್ಡಕ್ಕೆ ಎದುರಾದ ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ 30 ಡಿಗ್ರಿ ಇಳಿಜಾರನ್ನು ಹತ್ತುವಾಗ ಅದರಲ್ಲಿ ಸುಮಾರು 5 ಮೀಟರಿನಷ್ಟು ವೇಗ ನೇರ ಮೇಲಕ್ಕೇ ಇರುತ್ತದೆ. ಒಳ್ಳೆಯ ಮಾದರಿ ಗ್ಲೈಡರ್ ನಿಧಾನಕ್ಕೆ ತೇಲುವಾಗ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು ಕೆಳಗಿಳಿಯುತ್ತದೆ, ಅಷ್ಟೇ. ಮಿಕ್ಕದ್ದೆಲ್ಲ ಲಾಭ. ಅದನ್ನು ಎತ್ತರವಾಗಿ ಕೂಡಿಡಬಹುದು, ಇಲ್ಲವೇ ಮೂಗು ತಗ್ಗಿಸಿ ವೇಗಕ್ಕೆ ಖರ್ಚು ಮಾಡಬಹುದು. 1911ರ ಅಕ್ಟೋಬರ್‌ನಲ್ಲಿ ಆರ್ವಿಲ್ ರೈಟ್ ಕಿಲ್ ಡೆವಿಲ್ ಹಿಲ್ಸ್‌ನ ಮರಳು ದಿಬ್ಬದ ಮುಂದೆ ಎಂಜಿನ್ ಇಲ್ಲದೆ 9 ನಿಮಿಷ 45 ಸೆಕೆಂಡು ತೇಲಿದ್ದು ಈ ಲಾಭದಿಂದಲೇ. ಇವತ್ತು ಅದೇ ಗಾಳಿಗೆ ರೇಡಿಯೋ ಗ್ಲೈಡರ್ ಎಸೆದು ಗುಡ್ಡದ ನೆತ್ತಿಯಲ್ಲಿ ನಿಂತೇ ಹಾರಿಸುವವರು ಆ ಲಾಭದ ಬಹುಪಾಲನ್ನು ವೇಗಕ್ಕೇ ಸುರಿಯುತ್ತಿದ್ದಾರೆ. ಹಾಗೆ ಸುರಿಯುವುದಕ್ಕೆ ಅಂತರರಾಷ್ಟ್ರೀಯ ರೂಪ ಕೊಟ್ಟ ಸ್ಪರ್ಧೆ ಎಫ್‌3ಎಫ್.

ಅದರ ನಿಯಮ ಸರಳ. ಗುಡ್ಡದ ಅಂಚಿನುದ್ದಕ್ಕೆ 100 ಮೀಟರ್ ಅಂತರದಲ್ಲಿ ಎರಡು ಗಡಿ. ಗ್ಲೈಡರ್ ಅವುಗಳ ನಡುವೆ ಹತ್ತು ಓಟ ಓಡಬೇಕು, ಒಟ್ಟು ಒಂದು ಕಿಲೋಮೀಟರ್. ಕೈಬಿಟ್ಟ ಮೇಲೆ ಎತ್ತರ ಗಳಿಸಿ ಒಳಗೆ ನುಗ್ಗಲು 30 ಸೆಕೆಂಡು ಇರುತ್ತದೆ. ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆಯಾದರೂ 25 ಮೀಟರ್ ಮೀರಿದರೂ ಸ್ಪರ್ಧೆ ನಿಲ್ಲುತ್ತದೆ. ಗಾಳಿ ಜೋರಾಗಿರುವ ಗುಡ್ಡದಲ್ಲಿ ನುರಿತವರು ಹತ್ತೂ ಓಟವನ್ನು 30 ಸೆಕೆಂಡಿನೊಳಗೆ ಮುಗಿಸಿದ್ದಾರೆ. ಅಂದರೆ ತಿರುವುಗಳನ್ನೂ ಸೇರಿಸಿ ಗಂಟೆಗೆ 120 ಕಿಲೋಮೀಟರ್ ಸರಾಸರಿ, ಒಂದು ತೊಟ್ಟು ಇಂಧನವಿಲ್ಲದೆ.

ಈ ಸ್ಪರ್ಧೆಯ ನಿಜವಾದ ಸೊಗಸು ತಿರುವಿನಲ್ಲಿದೆ. ಮೂಗು ಗಡಿ ದಾಟಿತೆಂದು ಬಜರ್ ಕೂಗುವ ಹೊತ್ತಿಗೆ ಪೈಲಟ್ ರೆಕ್ಕೆಯನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವಂತೆ ಓರೆ ಮಾಡಿ ಎಲಿವೇಟರ್ ಎಳೆಯುತ್ತಿರುತ್ತಾನೆ. ಆ ಎಳೆತದ ಜೊತೆಗೇ ಫ್ಲಾಪ್‌ಗಳು ಕೆಲವೇ ಮಿಲಿಮೀಟರ್ ಕೆಳಬಾಗಿ, ತಿರುವು ಮುಗಿಯುತ್ತಲೇ ಸಪಾಟಾಗುತ್ತವೆ. ಸೆಕೆಂಡಿಗೆ 33 ಮೀಟರ್ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ತೆಗೆದರೆ ರೆಕ್ಕೆ ಗುರುತ್ವದ 11 ಪಟ್ಟು ಭಾರ ಹೊರಬೇಕು. 3 ಕಿಲೋ ಗ್ಲೈಡರ್ ಆ ಕ್ಷಣ 33 ಕಿಲೋ ತೂಗುತ್ತದೆ. ರೆಕ್ಕೆ ಎತ್ತುವ ಭಾರಕ್ಕೆ ತೆರುವ ಎಳೆತ ಆ ಭಾರದ ವರ್ಗದಷ್ಟು ಏರುವುದರಿಂದ ನೇರ ಹಾರಾಟದಲ್ಲಿ ನಗಣ್ಯವಾಗಿದ್ದ ಆ ಪಾಲು ಇಲ್ಲಿ ನೂರಿಪ್ಪತ್ತು ಪಟ್ಟಾಗುತ್ತದೆ. ಅದನ್ನು ತಗ್ಗಿಸಲು ಉದ್ದವಾದ, ಸಪೂರ ರೆಕ್ಕೆ ಬೇಕು. ಆದರೆ ಉದ್ದ ರೆಕ್ಕೆ ಉರುಳಲು ತಡಮಾಡುತ್ತದೆ, ಬುಡದಲ್ಲಿ ಹೆಚ್ಚು ಬಾಗುತ್ತದೆ. ಸುಮಾರು 3 ಮೀಟರ್ ಉದ್ದದ ಕಾರ್ಬನ್ ರೆಕ್ಕೆಗಳು ಎಲ್ಲೆಡೆ ಒಂದೇ ತೆರನಾಗಿ ಕಾಣಲು ಈ ಜಗ್ಗಾಟವೇ ಕಾರಣ. ಪೈಲಟ್‌ನ ಕೈ, ರೆಕ್ಕೆಯ ಆಕಾರ, ಬುಡದ ಬಲ ಇಷ್ಟನ್ನೂ ಒಂದೇ ತಿರುವಿನಲ್ಲಿ ಒರೆಗೆ ಹಚ್ಚುವ ಇನ್ನೊಂದು ಹಾರಾಟ ಸ್ಪರ್ಧೆ ನನಗೆ ತಿಳಿದಂತೆ ಇಲ್ಲ.

ತೂಕದ ವಿಷಯದಲ್ಲೂ ಈ ಸ್ಪರ್ಧೆ ಒಂದು ಒಳ್ಳೆಯ ಪಾಠ ಕಲಿಸುತ್ತದೆ. ಗ್ಲೈಡರ್ ಹಗುರವಾದಷ್ಟೂ ಒಳ್ಳೆಯದು ಎನ್ನುವುದು ಗುಡ್ಡದ ಮೇಲೆ ನಿಲ್ಲುವ ಮಾತಲ್ಲ. ತೂಕ ಇಮ್ಮಡಿಯಾದರೂ ಎಷ್ಟು ಎತ್ತರಕ್ಕೆ ಎಷ್ಟು ದೂರ ಸಾಗುತ್ತದೆ ಎಂಬ ಅನುಪಾತ ಬಹುಮಟ್ಟಿಗೆ ಹಾಗೇ ಉಳಿದು, ಅದನ್ನು ಸಾಧಿಸುವ ವೇಗ 1.41 ಪಟ್ಟಾಗುತ್ತದೆ. ಅದಕ್ಕೇ ಗಾಳಿ ಬಲವಾದ ಹಾಗೆ ಒಳಗಿನ ಕೊಳವೆಗೆ ಹಿತ್ತಾಳೆಯ ಅಥವಾ ಸೀಸದ ತುಂಡು ತುಂಬುತ್ತಾರೆ. ಒಂದು ಚದರ ಡೆಸಿಮೀಟರಿಗೆ 75 ಗ್ರಾಂ ಎಂಬುದು ನಿಯಮದ ಮೇಲ್ಮಿತಿ. ಎಷ್ಟು ತುಂಬಬೇಕೆಂಬ ತೀರ್ಮಾನ ಮಾತ್ರ ಆ ಕ್ಷಣದ ಗಾಳಿ ನೋಡಿ ಪೈಲಟ್ಟೇ ಮಾಡಬೇಕು. ಅವನ ಸರದಿ ಬರುವಷ್ಟರಲ್ಲಿ ಗಾಳಿ ಸತ್ತರೆ ಅದೇ ಭಾರ ಶಿಕ್ಷೆಯಾಗುತ್ತದೆ. ಇದು ಸ್ಪರ್ಧೆಯ ದೊಡ್ಡ ಕೊರತೆಯೂ ಹೌದು. ಸುತ್ತಿನ ವೇಗಶಾಲಿಗೆ 1000 ಅಂಕ ಕೊಟ್ಟು ಉಳಿದವರನ್ನು ಅದರ ಅನುಪಾತದಲ್ಲಿ ಅಳೆಯುತ್ತಾರೆ, ಆದರೆ ಇಬ್ಬರು ಪೈಲಟ್‌ಗಳಿಗೆ ಒಂದೇ ಗಾಳಿ ಎಂದೂ ಸಿಗುವುದಿಲ್ಲ. ಸುತ್ತುಗಳು ಹೆಚ್ಚಿದಂತೆ ಅದೃಷ್ಟದ ಪಾಲು ಕರಗುತ್ತದೆ, ನಿಜ. ಪೂರ್ತಿ ಹೋಗುವುದಿಲ್ಲ.

ನನ್ನ ತಕರಾರು ಇನ್ನೊಂದಿದೆ, ಅದು ಗ್ಲೈಡರನ್ನು ಯಾರು ಮಾಡುತ್ತಾರೆ ಎಂಬುದರ ಬಗ್ಗೆ. ಸ್ಪರ್ಧಿ ತಾನೇ ಕಟ್ಟಿದ ವಿಮಾನವನ್ನೇ ತರಬೇಕೆಂಬ ನಿರ್ಬಂಧ ಈ ವರ್ಗದಲ್ಲಿ ಇಲ್ಲ. ಮೊದಲ ವಿಶ್ವ ಚಾಂಪಿಯನ್‌ಶಿಪ್ 2012ರಲ್ಲಿ ಜರ್ಮನಿಯ ರೂಗನ್ ದ್ವೀಪದಲ್ಲಿ ನಡೆಯುವ ಹೊತ್ತಿಗಾಗಲೇ ಗೆಲ್ಲುವ ಗ್ಲೈಡರ್ ಎಂದರೆ ಅಚ್ಚಿನಿಂದ ಹೊರಬಂದ, ದುಡ್ಡು ಕೊಟ್ಟು ಕೊಂಡ ಗ್ಲೈಡರ್ ಎಂದಾಗಿತ್ತು. ಬೇಸರದ ಸಂಗತಿಯೆಂದರೆ ಅದಕ್ಕೂ ಮೊದಲೇ ವಿನ್ಯಾಸದ ಜ್ಞಾನ ಎಲ್ಲರ ಕೈಗೆ ಬಂದಿತ್ತು. 20 ಸೆಂಟಿಮೀಟರ್ ಅಗಲದ ರೆಕ್ಕೆ ಸೆಕೆಂಡಿಗೆ 20 ಮೀಟರ್ ಹಾರುವಾಗ ಗಾತ್ರಕ್ಕೂ ವೇಗಕ್ಕೂ ತಕ್ಕಂತೆ ಗಾಳಿಯ ಹರಿವು ಹೇಗಿರುತ್ತದೆಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ಮೂರು ಲಕ್ಷಕ್ಕೂ ಕಡಿಮೆ. ಆ ಮಟ್ಟದಲ್ಲಿ ಗಾಳಿಪದರ ರೆಕ್ಕೆಯಿಂದ ಕಿತ್ತು ಮತ್ತೆ ಅಂಟಿಕೊಳ್ಳುವ ಗುಳ್ಳೆಗಳ ಕಾಟವಿರುತ್ತದೆ. ದೊಡ್ಡ ವಿಮಾನದ ರೆಕ್ಕೆಯ ಪಾರ್ಶ್ವರೇಖೆಯನ್ನು, ಅಂದರೆ ರೆಕ್ಕೆಯನ್ನು ಅಡ್ಡ ಕೊಯ್ದರೆ ಕಾಣುವ ಆಕಾರವನ್ನು, ಕಿರಿದುಮಾಡಿ ತಂದರೆ ಕೆಲಸ ಕೆಡುತ್ತದೆ. ಮೈಕೇಲ್ ಸೆಲಿಗ್ ಮತ್ತು ಸಂಗಡಿಗರು ಪ್ರಿನ್ಸ್‌ಟನ್‌ನಲ್ಲಿ ಮಾದರಿ ರೆಕ್ಕೆಗಳನ್ನು ಗಾಳಿಸುರಂಗದಲ್ಲಿಟ್ಟು ಅಳೆದು 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಐಟಿಯ ಮಾರ್ಕ್ ಡ್ರೆಲಾ 1986ರಲ್ಲಿ ಬರೆದ, ಪಾರ್ಶ್ವರೇಖೆಗಳ ಗುಣ ಲೆಕ್ಕಹಾಕುವ ಎಕ್ಸ್‌ಫಾಯಿಲ್ ತಂತ್ರಾಂಶ ಇವತ್ತು ಯಾರಿಗೂ ಉಚಿತ. ಆರ್‌ಜಿ-15, ಎಂಎಚ್-32 ಮುಂತಾದ ಪಾರ್ಶ್ವರೇಖೆಗಳ ಬಿಂದುಪಟ್ಟಿ ಯಾವ ಹವ್ಯಾಸಿಗೂ ಸಿಗುತ್ತದೆ. ಇಷ್ಟೆಲ್ಲ ಇದ್ದೂ ವಿನ್ಯಾಸ ಕೆಲವೇ ಕಾರ್ಯಾಗಾರಗಳ ಪಾಲಾಯಿತು, ಏಕೆಂದರೆ ಗಡಿಯಾರ ಕಾಯುವ ಸ್ಪರ್ಧೆ ಬೇರೆ ಯಾವ ಗುಣಕ್ಕೂ ಅಂಕ ಕೊಡುವುದಿಲ್ಲ.

ಹೀಗಾಗಿ ವಿನ್ಯಾಸದ ಪಾಠಶಾಲೆಯಾಗಿ ನಾನು ಹೆಚ್ಚು ಬೆಲೆ ಕೊಡುವುದು ಫೋಮ್ ರೆಕ್ಕೆಗಳಿಗೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಝಾಗಿಯಂಥ ಬಾಲವಿಲ್ಲದ ಗ್ಲೈಡರ್‌ಗಳು ಬಂಡೆಗೆ ಬಡಿದರೂ ಮತ್ತೆ ಹಾರುತ್ತಿದ್ದವು. ಬೀಳುವ ಭಯ ಹೋದದ್ದೇ ತಡ, ಜನ ತಾವೇ ಕತ್ತರಿಸಿ ನೋಡತೊಡಗಿದರು. ಫೋಮ್ ತುಂಡಿನ ಎರಡೂ ತುದಿಗೆ ಪಾರ್ಶ್ವರೇಖೆಯ ಅಚ್ಚುಪಟ್ಟಿ ಬಿಗಿದು, ವಿದ್ಯುತ್ತಿನಿಂದ ಕಾಯಿಸಿದ ನೈಕ್ರೋಮ್ ತಂತಿಯನ್ನು ಅದರ ಮೇಲೆ ಇಬ್ಬರು ಎಳೆಯುತ್ತಾರೆ. ಅವಸರ ಮಾಡಿದರೆ ತಂತಿಯ ನಡುಭಾಗ ಹಿಂದೆ ಬಿದ್ದು ರೆಕ್ಕೆಯ ಮಧ್ಯದಲ್ಲಿ ಪಾರ್ಶ್ವರೇಖೆ ಕೆಡುತ್ತದೆ. ಒಬ್ಬ ಬೇಗ ಎಳೆದು ಇನ್ನೊಬ್ಬ ತಡವರಿಸಿದರೆ ಮೇಲ್ಮೈಯಲ್ಲಿ ಏಣುಗಳೇಳುತ್ತವೆ. ಬಾಲವಿಲ್ಲದ ರೆಕ್ಕೆಗೆ ಗುರುತ್ವಕೇಂದ್ರದ ಜಾಗವಂತೂ ಬಹಳ ಸೂಕ್ಷ್ಮ. ಬ್ಯಾಟರಿಯನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಪಳಗಿದ ಗ್ಲೈಡರ್ ಕೈಗೆ ಸಿಗದೆ ಮೂಗೆತ್ತಿ ಕುಣಿಯುತ್ತದೆ. ಮಾಡಿದವನಿಗೆ ತಪ್ಪು ಎಲ್ಲಿದೆಯೆಂದು ಗೊತ್ತಿರುತ್ತದೆ, ಮರುವಾರ ಇನ್ನೊಂದು ರೆಕ್ಕೆ ಕತ್ತರಿಸುತ್ತಾನೆ. ಅಚ್ಚಿನ ಗ್ಲೈಡರ್ ಕೊಂಡವನಿಗೆ ಆ ಅವಕಾಶ ಇಲ್ಲ.

ವೇಗವೇ ಗುರಿಯಾದರೂ ವಿನ್ಯಾಸ ಬರಡಾಗಬೇಕಿಲ್ಲ ಎನ್ನುವುದಕ್ಕೆ ಡೈನಮಿಕ್ ಸೋರಿಂಗ್ ಸಾಕ್ಷಿ. ಗುಡ್ಡದ ಹಿಂಬದಿಯಲ್ಲಿ ಮೇಲೆ ಓಡುವ ಗಾಳಿ, ಕೆಳಗೆ ನಿಂತ ಗಾಳಿ. ಎರಡರ ನಡುವಿನ ಗಡಿಯನ್ನು ಸುತ್ತುಸುತ್ತಾಗಿ ದಾಟುವ ಗ್ಲೈಡರ್ ಪ್ರತಿ ಸಲ ದಾಟುವಾಗಲೂ ವೇಗ ಗಳಿಸುತ್ತದೆ. ಹಕ್ಕಿಗಳು ಹೀಗೆ ಹಾರಬಲ್ಲವೆಂದು ಲಾರ್ಡ್ ರೇಲಿ 1883ರಲ್ಲೇ ಬರೆದಿದ್ದರು, ಜೋ ವುರ್ಟ್ಸ್ ಅದನ್ನು 1990ರ ದಶಕದಲ್ಲಿ ಮಾದರಿ ಗ್ಲೈಡರ್‌ಗೆ ತಂದರು. 2021ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕರ್ ಮೌಂಟನ್‌ನಲ್ಲಿ ಸ್ಪೆನ್ಸರ್ ಲಿಸೆನ್‌ಬಿಯವರ ಗ್ಲೈಡರ್ ಗಂಟೆಗೆ 882 ಕಿಲೋಮೀಟರ್ ಮುಟ್ಟಿತು. ಅದು ಶಬ್ದದ ವೇಗದ ಏಳು ದಶಾಂಶದ ಮೇಲಿನ ಲೋಕ, ಅಲ್ಲಿ ಹಳೆಯ ಪಾರ್ಶ್ವರೇಖೆಗಳು ಕೈಕೊಡುತ್ತವೆ, ಹೊಸದನ್ನೇ ಬರೆಯಬೇಕು. ಆದರೆ ಆ ವೇಗದಲ್ಲಿ ತುಂಡಾಗುವ ಕಾರ್ಬನ್ ಯಾರ ಮೇಲೂ ಕರುಣೆ ತೋರದು. ಎಲ್ಲರಿಗೂ ಹೇಳಿಕೊಡಬಹುದಾದ ಹವ್ಯಾಸವಾಗಿ ಅದನ್ನು ಒಪ್ಪಲಾರೆ.

ಎಫ್‌3ಎಫ್ ತನ್ನ ಹತ್ತು ಓಟವನ್ನು ಬಿಡಬೇಕಿಲ್ಲ, ಆ ಅಳತೆ ಅಷ್ಟು ಚೆನ್ನಾಗಿದೆ. ಅದೇ ಗುಡ್ಡದಲ್ಲಿ, ಅದೇ ಎರಡು ಗಡಿಗಳ ನಡುವೆ, ಒಂದೂವರೆ ಮೀಟರ್ ಮೀರದ, ಪೈಲಟ್ ತಾನೇ ಕತ್ತರಿಸಿ ಕಟ್ಟಿದ ಫೋಮ್ ರೆಕ್ಕೆಗಳಿಗೆ ಪ್ರತ್ಯೇಕ ಅಂಕಪಟ್ಟಿಯೊಂದನ್ನು ತೆರೆದರೆ ಸಾಕು. ಗಡಿ ಕಾಯುವವರೂ ಬಜರೂ ಹೇಗೂ ಅಲ್ಲೇ ಇರುತ್ತವೆ, ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ.