ಶ್ವಾನಾಹಾರವೂ ಸಂತಾನಶಕ್ತಿಯೂ: ಒಂದು ವಿಮರ್ಶೆ

ಗಂಡುನಾಯಿಗಳ ಸಂತಾನಶಕ್ತಿ ಕುಂದುವುದಕ್ಕೂ ಅವುಗಳ ಸಿದ್ಧಾಹಾರಕ್ಕೂ ಸಂಬಂಧವಿರಬಹುದೆಂಬ ಶಂಕೆಗೆ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರಿಚರ್ಡ್ ಲೀ ಮತ್ತು ಸಂಗಡಿಗರು ೨೦೧೬ರಲ್ಲಿ ಪ್ರಕಟಿಸಿದ ಪ್ರಬಂಧವು ಎಡೆಗೊಟ್ಟಿತು. ಅಂಗವಿಕಲರ ನೆರವಿಗಾಗಿ ನಾಯಿಗಳನ್ನು ಬೆಳೆಸುವ ಸಂಸ್ಥೆಯೊಂದರ ಐದು ತಳಿಗಳ ಗಂಡುನಾಯಿಗಳ ವೀರ್ಯವನ್ನು ೧೯೮೮ರಿಂದ ೨೦೧೪ರವರೆಗೆ ಒಂದೇ ಪ್ರಯೋಗಶಾಲೆಯಲ್ಲಿ, ಒಂದೇ ವಿಧಾನದಿಂದ ಪರೀಕ್ಷಿಸಲಾಯಿತು. ವೀರ್ಯಾಣುಗಳ ಚಲನಶಕ್ತಿ ಕ್ರಮೇಣ ಇಳಿದದ್ದು ಕಂಡುಬಂದಿತು. ೨೬ ವರ್ಷಗಳ ಈ ಏಕರೂಪತೆಯನ್ನು ನಾವು ಪ್ರಬಂಧದ ಹಿರಿಮೆಯೆಂದೇ ಎಣಿಸುತ್ತೇವೆ.

ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಡಿ.ಇ.ಎಚ್.ಪಿ., ಹಿಂದೆ ವಿದ್ಯುದುಪಕರಣಗಳಲ್ಲಿ ಬಳಕೆಯಲ್ಲಿದ್ದ ಪಿ.ಸಿ.ಬಿ. ವರ್ಗದ ೧೫೩ನೆಯದು, ಇವೆರಡೂ ನಾಯಿಗಳ ವೀರ್ಯ, ವೃಷಣಗಳಲ್ಲಿಯೂ ಮಾರುಕಟ್ಟೆಯ ಶ್ವಾನಾಹಾರದಲ್ಲಿಯೂ ದೊರೆತವು. ವೃಷಣದಲ್ಲಿ ಕಂಡ ಮಟ್ಟದಲ್ಲಿಯೇ ಅವನ್ನು ಗಾಜಿನ ಪಾತ್ರೆಯಲ್ಲಿ ವೀರ್ಯಕ್ಕೆ ಬೆರೆಸಿದಾಗ ವೀರ್ಯಾಣುಗಳ ಚಲನೆ ಕುಗ್ಗಿತು.

ಇಷ್ಟರಿಂದಲೇ ಆಹಾರವನ್ನು ಅಪರಾಧಿಯೆನ್ನಬಹುದೇ? ಆಗದೆಂದು ನಮ್ಮ ಅಭಿಪ್ರಾಯ. ಇವು ಪರಿಸರದ ಕಲ್ಮಷಗಳು. ಮನೆಯ ಧೂಳಿನಲ್ಲಿಯೂ ಉಂಟು. ನಾಯಿಗಳ ಎರಡು ತಂಡಗಳಿಗೆ ಬೇರೆ ಬೇರೆ ಆಹಾರವನ್ನಿತ್ತು ಹೋಲಿಸಿದ ಪ್ರಯೋಗ ಇಲ್ಲಿಲ್ಲ. ಲೇಖಕರು “ಇರಬಹುದು” ಎಂದಿರುವುದನ್ನು ಓದುಗರು “ಇದೆ” ಎಂದು ತಿದ್ದಿಕೊಳ್ಳಬಾರದು. ಆಹಾರವನ್ನು ಬದಲಿಸಿ ನಿಶ್ಚಿಂತನಾಗುವ ತಳಿಗಾರನಿಗೆ ನಿಜವಾದ ಕಾರಣ ಕಾಣದೆ ಹೋದೀತು. ಶಂಕೆಯನ್ನೇ ತಳ್ಳಿಹಾಕುವವನಿಗೂ ಅದೇ ಗತಿ.