ಕಚೇರಿಯ ಜಯಂತಿ, ಗದ್ದೆಯ ಹುಣ್ಣಿಮೆ

ಫೆಬ್ರುವರಿ 15 ಸಂತ ಸೇವಾಲಾಲರ ಜಯಂತಿ. ಶಿಕಾರಿಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಅಂದು ಭಾವಚಿತ್ರಕ್ಕೆ ಹಾರ, ಪುಷ್ಪಾರ್ಚನೆ, ಒಂದು ಉಪನ್ಯಾಸ. ಆಮೇಲೆ ಸಿಬ್ಬಂದಿ ತಮ್ಮ ಕಡತಗಳಿಗೆ ಮರಳುತ್ತಾರೆ. ಇದು ಬರೀ ಕಾಟಾಚಾರ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡು ಸುತ್ತಿದ ಬಂಜಾರರನ್ನು ಬ್ರಿಟಿಷರು 1871ರ ಕಾಯ್ದೆಯಡಿ ಹಲವು ಕಡೆ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿದ್ದರು. ಆ ಸಮುದಾಯದ ಸಂತನಿಗೆ ಇಂದು ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಗಳೇ ಎದ್ದುನಿಂತು ಕೈಮುಗಿಯುವುದಕ್ಕೆ ಬೆಲೆಯಿದೆ. ಬಂಜಾರರ ಹಟ್ಟಿಯಾದ ತಾಂಡಾದಿಂದ ಓದಿ ಬಂದು ಅಲ್ಲೇ ಗುಮಾಸ್ತೆಯಾದ ಹೆಣ್ಣುಮಗಳಿಗೆ ಅದರ ಬೆಲೆ ಇನ್ನೂ ಚೆನ್ನಾಗಿ ಗೊತ್ತು.

ಆದರೆ ಹಬ್ಬ ಯಾರದೋ ಅವರು ಆ ದಿನ ಎಲ್ಲಿರುತ್ತಾರೆ? ಹಲವರು ಮಾಲೆ ಧರಿಸಿ, ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪಕ್ಕೆ ಕಾಲ್ನಡಿಗೆಯಲ್ಲಿ ಹೋಗಿರುತ್ತಾರೆ. ಇನ್ನು ಕೆಲವರು ಕಾಫಿ ಕೊಯ್ಲಿಗೆಂದು ಮಕ್ಕಳುಮರಿ ಕಟ್ಟಿಕೊಂಡು ಗುಳೆ ಹೋಗಿರುತ್ತಾರೆ. ಫೆಬ್ರುವರಿ ಎಂದರೆ ರೊಬಸ್ಟಾ ಕೊಯ್ಲಿನ ಕಾಲ. ಕಚೇರಿಯ ಕಾರ್ಯಕ್ರಮದಲ್ಲಿ ಕನ್ನಡಿ ಹೊಲಿದ ಲಂಗಕ್ಕೆ ಚಪ್ಪಾಳೆ ಬೀಳುತ್ತದೆ. ಅದನ್ನು ಉಟ್ಟವಳ ಕೂಲಿ, ಅವಳ ಮಗುವಿನ ಶಾಲೆ, ಅವಳ ಮನೆಯ ಜಾಗದ ಕಾಗದ ವೇದಿಕೆಗೆ ಬರುವುದೇ ಇಲ್ಲ. ಈ ಆಚರಣೆಯ ದೊಡ್ಡ ಕೊರತೆ ಇದೇ. ದುಡಿಮೆಯನ್ನು ಹೊರಗಿಟ್ಟು ಸಂಸ್ಕೃತಿಯನ್ನಷ್ಟೇ ಒಳಗೆ ಕರೆಯುತ್ತದೆ.

ಪಕ್ಕದ ಸೊರಬದ ಗದ್ದೆಬಯಲಲ್ಲಿ ಇವೆರಡೂ ಬೇರೆಯಾಗಿಲ್ಲ. ಸೀಗೆ ಹುಣ್ಣಿಮೆ ಎಂದೂ ಕರೆಯುವ ಭೂಮಿ ಹುಣ್ಣಿಮೆಗೆ ದೀವರ ಸಮುದಾಯದ ಹೆಣ್ಣುಮಕ್ಕಳು ನವರಾತ್ರಿಯ ಹೊತ್ತಿಗೇ ಸಜ್ಜಾಗುತ್ತಾರೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ: ಕಡುಬು, ಹಲವು ಬಗೆಯ ಸೊಪ್ಪು ಬೇಯಿಸಿದ ಅಚ್ಚಂಬಲಿ. ಹೊಡೆ ತುಂಬಿದ ಭತ್ತ ಬಸುರಿ. ಅವಳ ಬಯಕೆ ತೀರಿಸಬೇಕು. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರನ್ನು ಪೂಜಿಸಿ, ಚರಗ ಬೀರಿ, ಕಾಗೆಗೆ, ಇಲಿಗೆ ಎಡೆಯಿಟ್ಟು ಮನೆಮಂದಿಯೆಲ್ಲ ಅಲ್ಲೇ ಬದುವಿನ ಮೇಲೆ ಉಣ್ಣುತ್ತಾರೆ. ನಟ್ಟಿ ಮಾಡಿದ ಕೈಗಳೇ ಇಲ್ಲಿ ಚಿತ್ತಾರ ಬರೆಯುತ್ತವೆ. ಭಾಷಣವಿಲ್ಲ, ನೋಡುಗರಿಲ್ಲ. ಪೈರು ತಿನ್ನುವ ಇಲಿಗೂ ಪಾಲಿಡುವ ಈ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಗೇಣಿಯ ಕಾಲದಲ್ಲಿ ಬೇರೆಯವರ ನೆಲಕ್ಕೂ ಬಯಕೆ ಬಡಿಸಿದವರು ಇವರು. ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ 1951ರಲ್ಲಿ ಸಾಗರದ ಕಾಗೋಡಿನಲ್ಲಿ ಎದ್ದುನಿಂತವರೂ ಇದೇ ದೀವರ ರೈತರು.

ಇದೇ ಸೀಗೆ ಹುಣ್ಣಿಮೆಯಂದು ಕಚೇರಿಗಳಲ್ಲಿ ವಾಲ್ಮೀಕಿ ಜಯಂತಿಯೂ ಇರುತ್ತದೆ. ಗದ್ದೆಯ ಪೂಜೆಗೆ ಇರಬೇಕಾದ ನೌಕರ ಅಂದು ಬೆಳಗ್ಗೆಯೇ ಕಚೇರಿಗೆ ಹೊರಡಬೇಕಾದರೆ ಎರಡು ಹಬ್ಬವೂ ಅರ್ಧವಾಗುತ್ತವೆ. ಕಾರ್ಯಕ್ರಮ ಮಧ್ಯಾಹ್ನಕ್ಕಿಟ್ಟರೆ ಯಾರಿಗೂ ನಷ್ಟವಿಲ್ಲ.

ಸರ್ಕಾರಕ್ಕೆ ಇದಕ್ಕಿಂತ ದೊಡ್ಡದನ್ನು ಮಾಡಲು ಬರುತ್ತದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕಂದಾಯ ಗ್ರಾಮಗಳಾದ ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಅಂಥ ಕಾಗದ ಸಿದ್ಧವಾಗುವುದು ಜಯಂತಿ ನಡೆಸುವ ತಾಲ್ಲೂಕು ಆಡಳಿತದಲ್ಲೇ. ಆದ್ದರಿಂದ ಅಲ್ಲಿನ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಜಯಂತಿಯನ್ನು ತಾಂಡಾದಲ್ಲೇ ನಡೆಸಿ, ಹಾಡುವವರಿಗೆ ಸಂಭಾವನೆ ಕೊಡಿ, ಬಾಕಿಯಿರುವ ಹಕ್ಕುಪತ್ರದ ಕಡತಗಳನ್ನು ಜೊತೆಗೆ ಒಯ್ಯಿರಿ.