ಹಸಿ ಕಸ, ದುಬಾರಿ ಬೆಂಕಿ

1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದ ಒಂದು ಕಸದ ಕುಲುಮೆ ಎದ್ದು ನಿಂತಿತು. ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ಕೊಡಬೇಕಾಗಿದ್ದ ಅದು ಕೆಲವೇ ವಾರಗಳಲ್ಲಿ ತಣ್ಣಗಾಯಿತು. ಯಂತ್ರವೇನೂ ಕೆಟ್ಟಿರಲಿಲ್ಲ, ಕಸ ಉರಿಯಲಿಲ್ಲ ಅಷ್ಟೇ. ಒಂದು ಕಿಲೋ ಕಸದಲ್ಲಿ ಸುಮಾರು 1,460 ಕಿಲೋಕ್ಯಾಲರಿ ಶಾಖ ಇರುತ್ತದೆಂದು ನಂಬಿ ಕಟ್ಟಿದ ಕುಲುಮೆಗೆ ದೆಹಲಿಯ ಕಸದಲ್ಲಿ ಸಿಕ್ಕಿದ್ದು ಅದರ ಅರ್ಧದಷ್ಟು.

ಇಷ್ಟು ಹಳೆಯ ಪಾಠ ಕಣ್ಣೆದುರೇ ಇದ್ದರೂ ಕಸದಿಂದ ವಿದ್ಯುತ್ ಎಂಬ ಯೋಜನೆ ನಮ್ಮಲ್ಲಿ ಪ್ರತಿ ಬಾರಿಯೂ ಹೊಸದರಂತೆ ಉದ್ಘಾಟನೆಯಾಗುತ್ತದೆ. ಬೆಂಗಳೂರಿನ ಪಾಲಿಗೆ ಅದರ ಹೆಸರು ಬಿಡದಿ. ಕರ್ನಾಟಕ ವಿದ್ಯುತ್ ನಿಗಮ ಮತ್ತು ಬಿಬಿಎಂಪಿ ಸೇರಿ ರೂಪಿಸಿದ ಈ ಘಟಕಕ್ಕೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಸಾಮರ್ಥ್ಯ 11.5 ಮೆಗಾವಾಟ್, ದಿನಕ್ಕೆ ಬೇಕಾಗುವ ಕಸ 600 ಟನ್. ಬೆಂಗಳೂರಿನ ಕಸವಾದರೋ ದಿನಕ್ಕೆ ಐದು ಸಾವಿರ ಟನ್ನಿನ ಆಸುಪಾಸಿನಲ್ಲಿದೆ. ಘಟಕ ಒಂದು ದಿನವೂ ನಿಲ್ಲದೆ ಓಡಿದರೂ ಎಂಟರಲ್ಲಿ ಏಳು ಪಾಲು ಕಸ ಹೊರಗೇ ಉಳಿಯುತ್ತದೆ. ಉಳಿಯುವ ಆ ಪಾಲಿನಲ್ಲಿ ಏನಿರುತ್ತದೆ ಎಂಬುದೇ ನನ್ನ ತಕರಾರಿನ ಮೂಲ.

ನಮ್ಮ ಕಸದಲ್ಲಿ ಅರ್ಧಕ್ಕೂ ಹೆಚ್ಚು ಅಡುಗೆಮನೆಯದು: ತರಕಾರಿ ಸಿಪ್ಪೆ, ಮಿಕ್ಕ ಅನ್ನ, ತೆಂಗಿನ ಚಿಪ್ಪು, ಹೂವಿನ ಹಾರ. ಮಳೆಗಾಲದಲ್ಲಿ ಹಸಿ ಸೌದೆಯನ್ನು ಒಲೆಗೆ ತುರುಕಿದವರಿಗೆ ಮುಂದಿನ ಕಥೆ ಹೇಳಬೇಕಿಲ್ಲ. ಮೊದಲು ನೀರು ಆವಿಯಾಗಬೇಕು. ಕಿಲೋ ನೀರಿಗೆ ಸುಮಾರು 540 ಕಿಲೋಕ್ಯಾಲರಿ ಅದಕ್ಕೇ ಖರ್ಚು. ಶಾಖ ಇಳಿದರೆ ಡಯಾಕ್ಸಿನ್‌ನಂಥ ವಿಷಗಳ ಭಯ. ಹೊಗೆಯನ್ನು 850 ಡಿಗ್ರಿಗಿಂತ ಮೇಲೆ ಕನಿಷ್ಠ ಎರಡು ಸೆಕೆಂಡಾದರೂ ಹಿಡಿದಿಡಬೇಕೆಂಬ ಕಟ್ಟುಪಾಡು ಇರುವುದು ಅದಕ್ಕೇ. ಹಾಗಾಗಿ ಕುಲುಮೆಗೆ ಒಣ ಕಸವೇ ಬೇಕು. ಅಂದರೆ ಕಾಗದ, ರಟ್ಟು, ಬಟ್ಟೆ, ಪ್ಲಾಸ್ಟಿಕ್ಕು. ಕಸದ ಗುಡ್ಡವನ್ನು ನಾರಿಸುವ ವಸ್ತುವನ್ನು ಅದು ಒಲ್ಲೆ ಎನ್ನುತ್ತದೆ. ಮಾರಾಟವಾಗುವ ವಸ್ತುವನ್ನು ಬೇಡುತ್ತದೆ.

ಇದು ಸಣ್ಣ ವಿಷಯವಲ್ಲ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರುಗಳ ಜನ ಬೀದಿಗಿಳಿದದ್ದು ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಕೊಳೆತ ಕಸದ ವಾಸನೆ, ನೊಣ, ಅಂತರ್ಜಲಕ್ಕೆ ಇಳಿದ ಕಪ್ಪು ನೀರಿನಿಂದ ಬೇಸತ್ತು. 2012ರಲ್ಲಿ ಮಾವಳ್ಳಿಪುರ ಮುಚ್ಚಿದಾಗ ಬೆಂಗಳೂರಿನ ಬೀದಿಗಳೇ ತಿಪ್ಪೆಯಾದವು. ಲಾರಿಗಳು ಮಂಡೂರಿನತ್ತ ತಿರುಗಿದವು. 2014ರ ಕೊನೆಗೆ ಅದೂ ಮುಚ್ಚಿತು. ಅಲ್ಲಿಯೂ ವಿದ್ಯುತ್ ಘಟಕದ ಆಸೆ ತೋರಿಸಲಾಗಿತ್ತು. ಊರವರಿಗೆ ದಕ್ಕಿದ್ದು ಗುಡ್ಡ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹರಿದಾಗಲೂ ಅದಕ್ಕೆ ಬೆಂಕಿಯೇ ಮದ್ದೆಂದು ಹೇಳಬಲ್ಲವರು ಯಾರು?

ಕೋಪನ್‌ಹೇಗನ್‌ನ ಅಮಾಗರ್ ಬಕ್ಕೆ ಘಟಕವನ್ನು ಎಲ್ಲರೂ ಉದಾಹರಿಸುತ್ತಾರೆ. ಛಾವಣಿಯ ಮೇಲೆ ಸ್ಕೀ ಇಳಿಜಾರು ಇರುವ ಅದು ನೋಡಲು ಚೆಂದವೇ. ಆದರೆ ಅಲ್ಲಿ ಕಸದ ಶಾಖ ಬಿಸಿನೀರಾಗಿ ಕೊಳವೆಗಳಲ್ಲಿ ಹರಿದು ಚಳಿಗಾಲದ ಮನೆಗಳನ್ನು ಬೆಚ್ಚಗಿಡುತ್ತದೆ, ಲೆಕ್ಕ ಕೂಡಿಬರುವುದು ಹಾಗೆ. ಬಿಡದಿಯಲ್ಲಿ ಆ ಬಿಸಿ ಯಾರಿಗೆ ಬೇಕು? ಮೇಲಾಗಿ ದೊಡ್ಡ ಕುಲುಮೆ ಕಟ್ಟಿಕೊಂಡ ತಪ್ಪಿಗೆ ಡೆನ್ಮಾರ್ಕ್ ಹೊರದೇಶದ ಕಸ ತರಿಸಿ ಸುಡಬೇಕಾಯಿತು. ಸುಡುವ ಸಾಮರ್ಥ್ಯವನ್ನು ಸುಮಾರು ಶೇ 30ರಷ್ಟು ಇಳಿಸಲು 2020ರಲ್ಲಿ ಅಲ್ಲಿನ ಪಕ್ಷಗಳು ಒಪ್ಪಿಕೊಂಡವು. ನಾವು ಶಂಕುಸ್ಥಾಪನೆ ಮಾಡಿದ್ದೂ ಅದೇ ವರ್ಷ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲಿ ಕಸದ ವಿದ್ಯುತ್ತಿಗೆ ಯೂನಿಟ್ಟಿಗೆ 7.04 ರೂಪಾಯಿ ನಿಗದಿ ಮಾಡಿತು. ಸೌರವಿದ್ಯುತ್ತು ಈಗ ಮೂರು ರೂಪಾಯಿಯ ಒಳಗೇ ಸಿಗುತ್ತದೆ. ಇದನ್ನು ವಿದ್ಯುತ್ ಕೇಂದ್ರವೆಂದು ಕರೆಯುವುದನ್ನು ಬಿಟ್ಟು ಕಸ ವಿಲೇವಾರಿಯ ಖರ್ಚೆಂದು ಬರೆದುಕೊಂಡರೆ ಕನಿಷ್ಠ ಲೆಕ್ಕಪತ್ರವಾದರೂ ಪ್ರಾಮಾಣಿಕವಾದೀತು.

ಹಾಗೆಂದು ಹಸಿ ಕಸವನ್ನು ಗೊಬ್ಬರವೋ ಅನಿಲವೋ ಆಗಿಸುವ ಪರ್ಯಾಯಗಳಿಗೆ ಸುಮ್ಮನೆ ಜೈ ಅನ್ನಲೂ ಆಗದು. ಕಾಂಪೋಸ್ಟ್ ನಿಗಮ ನಮ್ಮಲ್ಲಿ 1975ರಿಂದ ಇದೆ. ಎಚ್‌ಎಸ್‌ಆರ್ ಬಡಾವಣೆ ಬೆಳೆದು ಅದರ ಗೋಡೆಗೆ ತಾಗಿದಾಗ ವಾಸನೆಯ ದೂರುಗಳೂ ಬೆಳೆದವು. ವಾರ್ಡುಗಳಲ್ಲಿ ಕಟ್ಟಿದ ಸಣ್ಣ ಜೈವಿಕ ಅನಿಲ ಘಟಕಗಳಲ್ಲಿ ಹಲವು ಸುಮ್ಮನೆ ನಿಂತವು. ಇಂದೋರ್‌ನಲ್ಲಿ ಮಾತ್ರ 2022ರಲ್ಲಿ ಶುರುವಾದ ದಿನಕ್ಕೆ 550 ಟನ್ ಹಸಿ ಕಸದ ಅನಿಲ ಘಟಕಕ್ಕೆ ಹೆಸರು ಬಂತು. ಅಲ್ಲಿ ಗೆದ್ದದ್ದು ಯಂತ್ರಕ್ಕಿಂತ ಮನೆಬಾಗಿಲ ವಿಂಗಡಣೆ. ಬೆಂಗಳೂರಿಗೆ ಹೈಕೋರ್ಟು ಎರಡು ಬುಟ್ಟಿ ಒಂದು ಚೀಲದ ಪದ್ಧತಿಯನ್ನು ವಿಧಿಸಿದ್ದು 2015ರಲ್ಲಿ. ಅಂದರೆ ಸೂತ್ರ ನಮ್ಮಲ್ಲೇ ಇತ್ತು. ಬೇರೆ ಮಾಡಿಟ್ಟ ಕಸ ಒಂದೇ ಆಟೋದಲ್ಲಿ ಬೆರೆತುಹೋಗುವುದನ್ನು ಎರಡು ಸಲ ನೋಡಿದ ಗೃಹಿಣಿ ಮೂರನೆಯ ಸಲ ಯಾಕೆ ಬೇರೆ ಮಾಡಿಯಾಳು?

ವಿಂಗಡಣೆ ನಡೆದರೆ ಒಣ ಕಸ ಸಂಗ್ರಹ ಕೇಂದ್ರಗಳಿಗೆ ಸರಕು ಸಿಗುತ್ತದೆ. ಹಸಿರು ದಳದಂಥ ಸಂಘಟನೆಗಳ ಮೂಲಕ ಆ ಕೇಂದ್ರಗಳನ್ನು ನಡೆಸುವಷ್ಟಕ್ಕೆ ಬೆಳೆದ ಚಿಂದಿ ಆಯುವವರ ಅನ್ನ ಆ ರಟ್ಟು, ಬಾಟಲಿಗಳಲ್ಲೇ ಇದೆ. ದಿನಕ್ಕೆ 600 ಟನ್ ಬೇಡುವ ಕುಲುಮೆ ಅವರ ಎದುರು ನಿಂತ ಖರೀದಿದಾರ, ಅದೂ ಸರ್ಕಾರದ ಬಲವಿರುವ ಖರೀದಿದಾರ. ಯಾರೂ ಕೊಳ್ಳದ ಹರಿದ ಚಪ್ಪಲಿ, ಫೋಮು, ಚಿಪ್ಸ್ ಪೊಟ್ಟಣ ಮಾತ್ರ ಸುಡಲಿ, ನನಗೆ ಆಕ್ಷೇಪವಿಲ್ಲ. 2016ರ ಘನತ್ಯಾಜ್ಯ ನಿಯಮಗಳ ಆಶಯವೂ ಅದೇ ಆಗಿತ್ತು: ಮರುಬಳಕೆಗೆ ಬಾರದ, ಕಿಲೋಗೆ 1,500 ಕಿಲೋಕ್ಯಾಲರಿ ದಾಟಿದ ಕಸವಷ್ಟೇ ಇಂಧನ. ಅದನ್ನು ಸಿಮೆಂಟ್ ಕಾರ್ಖಾನೆಗಳೂ ಒಯ್ಯಬಲ್ಲವು.

ಬಿಡದಿಯ ಬಗ್ಗೆ ಪ್ರಕಟವಾಗಬೇಕಾದ ದಿನದ ವರದಿಯಲ್ಲಿ ಎಷ್ಟು ಯೂನಿಟ್ ಬಂತು ಎಂಬ ಅಂಕಿಯೊಂದೇ ಸಾಲದು. ಒಳಗೆ ಹೋದ ಕಸದಲ್ಲಿ ರಟ್ಟು ಎಷ್ಟು, ಚಿಮಣಿಯಲ್ಲಿ ಹೋದದ್ದೇನು, ಹೊರಬಿದ್ದ ಬೂದಿ ಎಷ್ಟು, ಅದನ್ನು ಹೊತ್ತ ಲಾರಿ ಯಾವ ಊರಿನಲ್ಲಿ ಇಳಿಸಿತು ಎಂಬುದೂ ಅದರಲ್ಲಿರಲಿ.